ಚಿನ್ನದ ಊರಿಗೆ ನೆರಳು

ಬೇಸಗೆಯಲ್ಲಿ ವೃತ್ತಪತ್ರಿಕೆಯನ್ನು ತೆರೆದರೆ ಆಯಾ ಊರಿನ ಗರಿಷ್ಠ ಉಷ್ಣತೆ ಇಷ್ಟು ಡಿಗ್ರಿ ಎಂದು ಅಚ್ಚಾಗಿರುತ್ತದೆ. ಅದು ನಮ್ಮ ನೆತ್ತಿಯ ಮೇಲೆ ಬಿದ್ದ ಬಿಸಿಲಿನ ಅಳತೆಯೆಂದೇ ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ನೆರಳಿನ ಉಷ್ಣತೆ. ಹವಾಮಾನ ಇಲಾಖೆಯವರು ಉಷ್ಣಮಾಪಕವನ್ನು ಬಿಳಿಯ ಬಣ್ಣ ಬಳಿದು ಗಾಳಿಯಾಡುವಂತೆ ಮಾಡಿದ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇಡುತ್ತಾರೆ. ಗಾಳಿ ಎಷ್ಟು ಬಿಸಿಯಾಗಿದೆ ಎಂಬುದನ್ನು ತಿಳಿಯಲು ಅದೇ ಸರಿಯಾದ ಕ್ರಮ. ಆದರೆ ಬಸ್ಸಿಗಾಗಿ ಕಾದು ನಿಂತವನಿಗೂ, ತಳ್ಳುಗಾಡಿಯ ಪಕ್ಕದಲ್ಲಿ ಹಗಲೆಲ್ಲ ನಿಲ್ಲುವವನಿಗೂ ತಗಲುವ ಕಾವು ಆ ಅಂಕಿಯೊಳಗೆ ಸೇರಿಲ್ಲ. ಅವನು ಪೆಟ್ಟಿಗೆಯ ಹೊರಗಿದ್ದಾನೆ.

ಬಯಲಿನಲ್ಲಿ ನಿಂತ ಮನುಷ್ಯನಿಗೆ ಶಾಖ ಮೂರು ಕಡೆಗಳಿಂದ ಬರುತ್ತದೆ. ಒಂದು, ಸೂರ್ಯನಿಂದ ನೇರವಾಗಿ. ಎರಡು, ಕಾದ ಡಾಂಬರು, ಕಾಂಕ್ರೀಟು, ಗೋಡೆ, ತಗಡು ಇವುಗಳಿಂದ ಹೊರಸೂಸುವ ಕಣ್ಣಿಗೆ ಕಾಣದ ಕಿರಣಗಳಿಂದ. ಮೂರನೆಯದು ಮಾತ್ರ ಗಾಳಿಯಿಂದ. ಮರವು ಊರನ್ನು ತಂಪು ಮಾಡುತ್ತದೆ ಎಂದಾಗ ನಾವು ಮೂರನೆಯದನ್ನೇ ನೆನೆಯುತ್ತೇವೆ. ಮರದ ಮುಖ್ಯ ಉಪಕಾರವಿರುವುದು ಮೊದಲಿನ ಎರಡರಲ್ಲಿ. ಬೆಂಗಳೂರಿನ ಬೀದಿಮರಗಳನ್ನು ಕುರಿತು ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಂತರ ಚೆನ್ನಾಗಿ ಕಾಣುತ್ತದೆ. ಮರಗಳಿರುವ ರಸ್ತೆಗೂ ಇಲ್ಲದ ರಸ್ತೆಗೂ ಅಪರಾಹ್ನದ ಗಾಳಿಯ ಉಷ್ಣತೆಯಲ್ಲಿ ಕಂಡ ವ್ಯತ್ಯಾಸ ಹೆಚ್ಚೆಂದರೆ 5.6 ಡಿಗ್ರಿ ಸೆಂಟಿಗ್ರೇಡು. ರಸ್ತೆಯ ಮೈಯ ಉಷ್ಣತೆಯಲ್ಲಿ ಮಾತ್ರ ಅದು 27.5 ಡಿಗ್ರಿಯವರೆಗೆ ಹೋಯಿತು. ಬರಿಗಾಲಿನಲ್ಲಿ ರಸ್ತೆ ದಾಟಿದವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೆರಳೇ ಬೇಕಾದರೆ ತಗಡು ಹೊದಿಸಿದರೆ ಸಾಲದೆ, ಮರವೇ ಏಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತಗಡು ಸೂರ್ಯನನ್ನು ತಡೆಯುತ್ತದೆ; ಆದರೆ ತಾನೇ ಕಾದು, ಆ ಕಾವನ್ನು ಕೆಳಗಿರುವವರ ತಲೆಯ ಮೇಲೆ ಸುರಿಯುತ್ತದೆ. ಎಲೆ ಹಾಗಲ್ಲ. ಅದು ಬೆವರುತ್ತದೆ. ಬೇರು ಹೀರಿದ ನೀರು ಎಲೆಯ ಅಡಿಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಹೋಗುವಾಗ, ಆವಿಯಾಗಲು ಬೇಕಾದ ಶಾಖವನ್ನು ಎಲೆಯಿಂದಲೂ ಸುತ್ತಣ ಗಾಳಿಯಿಂದಲೂ ಕಸಿದುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಆದುದರಿಂದ ಸುಡುಬಿಸಿಲಿನಲ್ಲಿಯೂ ನೀರುಂಡ ಮರದ ಎಲೆ ಗಾಳಿಗಿಂತ ಹೆಚ್ಚೇನೂ ಕಾಯುವುದಿಲ್ಲ. ತಗಡಿನ ಕೆಳಗೆ ನಿಂತು ಕೈಯನ್ನು ಮೇಲಕ್ಕೆತ್ತಿ ನೋಡಿ. ಬಳಿಕ ಹೊಂಗೆಯ ಕೆಳಗೆ ನಿಂತು ಹಾಗೆಯೇ ಮಾಡಿ. ಉಷ್ಣಮಾಪಕವೇ ಬೇಡ.

ಲೆಕ್ಕ ಬೇಕೆನ್ನುವ ವಿಜ್ಞಾನದ ಮಿತ್ರರಿಗಾಗಿ ಒಂದು ಮಾತು. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. ನೀರಿಗೆ ಕೊರತೆಯಿಲ್ಲದ ದೊಡ್ಡ ಮರವೊಂದು ದಿನಕ್ಕೆ 100 ಲೀಟರು ನೀರನ್ನು ಆವಿ ಮಾಡಿತೆಂದರೆ, ಅದು ಹೀರಿದ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 68 ಯೂನಿಟ್ ಆಗುತ್ತದೆ. ಒಂದೂವರೆ ಟನ್ನಿನ ಹವಾನಿಯಂತ್ರಕ ಹದಿಮೂರು ಗಂಟೆ ನಡೆದರೆ ಅಷ್ಟು ಶಾಖವನ್ನು ಕೋಣೆಯಿಂದ ಹೊರಹಾಕಬಲ್ಲದು. ಇದನ್ನು ಕೇಳಿ ಕೆಲವರು, ಒಂದು ಮರ ನೆಟ್ಟರೆ ಒಂದು ಹವಾನಿಯಂತ್ರಕ ಇಟ್ಟಂತೆಯೇ ಎಂದು ಭಾಷಣ ಮಾಡುತ್ತಾರೆ. ಅದು ಅತಿಶಯೋಕ್ತಿ. ಕೋಣೆಗೆ ನಾಲ್ಕು ಗೋಡೆಗಳಿವೆ, ಬೀದಿಗೆ ಇಲ್ಲ. ಮರ ತಂಪು ಮಾಡಿದ ಗಾಳಿಯನ್ನು ಬೀಸುವ ಗಾಳಿ ಕೊಂಡೊಯ್ಯುತ್ತದೆ. ಒಂಟಿ ಮರ ಕೊಡುವುದು ಮುಖ್ಯವಾಗಿ ನೆರಳನ್ನೇ. ಗಾಳಿಯೂ ತಂಪಾಗಬೇಕಾದರೆ ಸಾಲು ಬೇಕು, ತೋಪು ಬೇಕು. ಆದರೆ ಹವಾನಿಯಂತ್ರಕಕ್ಕೂ ಮರಕ್ಕೂ ಇನ್ನೊಂದು ಭೇದವಿದೆ. ಅದು ಒಳಗಿನವನ ಶಾಖವನ್ನು ಹೊರಗೆ ನಿಂತವನ ಮೇಲೆ ಬಿಡುತ್ತದೆ; ಮರ ಹಾಗೆ ಮಾಡುವುದಿಲ್ಲ.

ಈ ತತ್ತ್ವಗಳು ಎಲ್ಲ ಊರುಗಳಿಗೂ ಒಂದೇ. ನನಗೆ ಅವು ಪುಸ್ತಕದ ವಿಷಯವಾಗಿ ಉಳಿಯದಿರಲು ಕಾರಣ ನಮ್ಮ ಚಿಕ್ಕಮ್ಮ. ರಾಬರ್ಟ್‌ಸನ್‌ಪೇಟೆಯ ಒಂದು ಬೀದಿಯಲ್ಲಿ ಹೊಂಗೆಯ ಮರದ ಬುಡದಲ್ಲಿ ಕುಳಿತು ಹದಿನೈದು ವರ್ಷಗಳಿಂದ ಹೂ ಮಾರುತ್ತಿದ್ದವರು. ಚರಂಡಿಯ ಕೆಲಸಕ್ಕೆಂದು ಆ ಮರವನ್ನು ಕಡಿದರು. ಈಗ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕೋಲಿಗೆ ಕಟ್ಟಿಕೊಂಡು ಕೂರುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಮಲ್ಲಿಗೆ ಬಾಡಿ, ಕನಕಾಂಬರ ಮುದುಡಿ, ಅವರೂ ಬುಟ್ಟಿಯೂ ಮನೆಗೆ. ಮೊದಲು ಸಂಜೆಯವರೆಗೂ ವ್ಯಾಪಾರವಿತ್ತು. “ಏನಪ್ಪಾ, ಮರ ಕಡಿದ ಮೇಲೆ ಏನು ಮಾಡ್ಬೇಕು ಅಂತ ನಿಮ್ಮ ಕಾಲೇಜಿನ ಪುಸ್ತಕದಲ್ಲಿ ಬರೆದಿಲ್ವಾ?” ಎಂದು ಅವರು ಒಮ್ಮೆ ಕೇಳಿದರು. ಈ ಲೇಖನದ ಮೂಲ ಆ ಪ್ರಶ್ನೆ.

ನಮ್ಮ ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ತಂಪಿನ ದೃಷ್ಟಿಯಿಂದ ಓದಿದರೆ ವಿಚಿತ್ರವಾದ ಸಂಗತಿಗಳು ತೋರುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿಗೆ ಬಂದರು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತಿತ್ತು. ಅಲ್ಲಿ ಮನುಷ್ಯ ಬದುಕಿ ಕೆಲಸ ಮಾಡಲೆಂದು ಗಾಳಿಯನ್ನು ತಂಪು ಮಾಡಿ ಕೆಳಕ್ಕೆ ಕಳುಹಿಸುವ ಭಾರಿ ಯಂತ್ರಗಳನ್ನು ನಿಲ್ಲಿಸಿದರು. ಭೂಗರ್ಭದ ಕಾವಿಗೆ ಇಷ್ಟು ಮದ್ದು ಹುಡುಕಿದವರು, ಪಾಳಿ ಮುಗಿಸಿ ಮೇಲೆ ಬಂದ ಕೆಲಸಗಾರನ ಬಿಸಿಲಿಗೆ ಏನು ಮಾಡಿದರು? ಅಧಿಕಾರಿಗಳ ಬಂಗಲೆಗಳಿಗೆ ವಿಶಾಲವಾದ ಕಾಂಪೌಂಡುಗಳಿದ್ದವು, ತೋಟಗಳಿದ್ದವು, ನೆರಳಿನ ಮರಗಳಿದ್ದವು. ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು ಬಂದದ್ದು ಆ ಭಾಗದಿಂದ. ಕೆಲಸಗಾರರ ಪಾಲಿಗೆ ಬಂದದ್ದು ಲೈನು ಮನೆಗಳು. ಬಿದಿರಿನ ತಟ್ಟಿಯ ಗೋಡೆ, ತಗಡಿನ ಸೂರು, ಒಂದಕ್ಕೊಂದು ಅಂಟಿಕೊಂಡ ಸಾಲು; ಸಾಲಿನ ನಡುವೆ ಮರವೊಂದು ರೆಂಬೆ ಚಾಚುವಷ್ಟೂ ಜಾಗವಿರಲಿಲ್ಲ. ನೆರಳಿನಲ್ಲಿಯೂ ದರ್ಜೆಗಳಿದ್ದವೆಂದು ಹೇಳಿದರೆ ತಪ್ಪಾಗಲಾರದು. ಇಂದಿಗೂ ಹಳೆಯ ಬಂಗಲೆಗಳ ರಸ್ತೆಯಿಂದ ಲೈನುಗಳ ಕಡೆಗೆ ಮಧ್ಯಾಹ್ನ ನಡೆದು ಹೋದರೆ, ಎಲ್ಲಿ ಯಾರು ಇದ್ದರೆಂಬುದನ್ನು ಚರ್ಮವೇ ಹೇಳುತ್ತದೆ.

ಗಣಿ ಇನ್ನೂ ಎರಡು ಬಗೆಯಲ್ಲಿ ನಮ್ಮ ನೆರಳನ್ನು ತಿಂದಿತು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಬರುವ ಮುನ್ನ ಇಲ್ಲಿಯ ಯಂತ್ರಗಳೆಲ್ಲ ಉಗಿಯಿಂದ ನಡೆಯುತ್ತಿದ್ದವು. ಆ ಬಾಯ್ಲರುಗಳಿಗೆ ಕಲ್ಲಿದ್ದಲಿನ ಜೊತೆಗೆ ಸುತ್ತಣ ಕಾಡಿನ ಸೌದೆಯೂ ಹೋಯಿತು. ಎರಡನೆಯದು ಎಲ್ಲರ ಕಣ್ಣಿಗೂ ಬೀಳುವ ಸೈನೈಡ್ ಗುಡ್ಡಗಳು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು ಅದು, 3 ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿ ಗೊಬ್ಬರದ ಅಂಶವಿಲ್ಲ, ನೀರು ನಿಲ್ಲುವುದಿಲ್ಲ. ಹಗಲು ಬೇಗ ಕಾಯುತ್ತದೆ, ಆಷಾಢದ ಗಾಳಿಗೆ ಏಳುತ್ತದೆ. ಬೆಳ್ಳಗಿನ ಆ ಧೂಳು ಬಾವಿ, ಬಟ್ಟೆ, ಅನ್ನ ಯಾವುದನ್ನೂ ಬಿಡದು. ಗುಡ್ಡದ ಮೇಲೆಯೇ ಮರ ಬೆಳೆಸುವುದು ಕಷ್ಟದ ಕೆಲಸ. ಆದರೆ ಗುಡ್ಡಕ್ಕೂ ಮನೆಗಳಿಗೂ ನಡುವೆ ಮೂರು ನಾಲ್ಕು ಸಾಲು ಮರಗಳನ್ನು ಅಡ್ಡವಾಗಿ ನಿಲ್ಲಿಸಿದರೆ, ಗಾಳಿಯ ವೇಗ ಮರದ ಎತ್ತರದ ಹತ್ತರಷ್ಟು ದೂರದವರೆಗೂ ತಗ್ಗುತ್ತದೆ. ಧೂಳು ಎಲೆಗೆ ಅಂಟಿ ಮಳೆಯಲ್ಲಿ ತೊಳೆದು ನೆಲ ಸೇರುತ್ತದೆ. ಇಲ್ಲಿ ಗೋಡೆ ಕಟ್ಟಿದರೆ ಪ್ರಯೋಜನ ಕಡಮೆ. ಗಾಳಿ ಗೋಡೆಯನ್ನು ಹಾರಿ ಆಚೆ ಸುಳಿಯಾಗಿ ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಗಾಳಿ ಬಿಡುವ ಮರದ ಸಾಲೇ ಅದನ್ನು ಸಾವಧಾನ ಮಾಡಬಲ್ಲದು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ನಮ್ಮ ಊರಿನ ಜೀವನ ಹೆಚ್ಚಾಗಿ ಬಯಲಿಗೆ ಬಂದಿದೆ ಎನ್ನಬಹುದು. ಸಾವಿರಾರು ಜನ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ಊರಿನಲ್ಲಿ ಉಳಿದವರಲ್ಲಿ ಎಷ್ಟೋ ಮಂದಿ ತಳ್ಳುಗಾಡಿ, ಆಟೋ, ಬೀದಿಬದಿಯ ವ್ಯಾಪಾರ ಹಿಡಿದಿದ್ದಾರೆ. ನಾನೂ ಕಾಲೇಜಿಗೆ ಬಂಗಾರಪೇಟೆಗೆ ರೈಲಿನಲ್ಲಿಯೇ ಬರುವವನು. ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆಯಾಗಿದ್ದ ಈ ಊರು ಹುಟ್ಟಿನಿಂದಲೇ ನಿಲ್ದಾಣದ ಊರು, ಕಾಯುವವರ ಊರು. ಕೆಲವು ವಾರ ನಾನು ಒಂದು ಕೆಲಸ ಮಾಡಿದೆ: ನಿಲ್ದಾಣದ ಹೊರಗಿನ ರಸ್ತೆಯಲ್ಲಿ ಜನ ಎಲ್ಲಿ ನಿಲ್ಲುತ್ತಾರೆಂದು ನೋಡುತ್ತ ಹೋದೆ. ಬೆಳಿಗ್ಗೆ ಪೂರ್ವದ ಕಟ್ಟಡಗಳ ಕೆಳಗೆ; ಹತ್ತರ ಹೊತ್ತಿಗೆ ಗೋಡೆಗೆ ಬೆನ್ನು ಅಂಟಿಸಿಕೊಂಡು; ಹನ್ನೆರಡಕ್ಕೆ ಎಲ್ಲಿ ಮರವಿದೆಯೋ ಅಲ್ಲಿ ಮಾತ್ರ. ಸೌತೆಕಾಯಿಯ ಗಾಡಿಯಿಂದ ಆಟೋದವರೆಗೆ ಎಲ್ಲವೂ ಮರದ ನೆರಳಿನ ಗಡಿಯಾರಕ್ಕೆ ತಿರುಗುತ್ತವೆ. ಬಂಗಾರಪೇಟೆಯ ಹೆಸರಾಂತ ಪಾನಿಪುರಿಯೂ ಸಂಜೆಯ ತಿನಿಸಾದದ್ದು ರುಚಿಗಾಗಿಯೇ ಅಲ್ಲವೆಂದು ನನ್ನ ಊಹೆ.

ಹನ್ನೆರಡು ಗಂಟೆಗೆ ಗೋಡೆಯ ನೆರಳು ಏಕೆ ಸಾಲದು ಎಂಬುದಕ್ಕೆ ಭೂಗೋಳದಲ್ಲಿ ಉತ್ತರವಿದೆ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24, 25ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೆ ನೇರವಾಗಿ ಬರುತ್ತಾನೆ; ನೆಟ್ಟ ಕಂಬಕ್ಕೆ ಆಗ ನೆರಳೇ ಇಲ್ಲ. ಬೇಸಗೆಯ ಉಗ್ರವಾದ ದಿನಗಳೂ ಅವೇ. ಯೂರೋಪಿನ ಇಕ್ಕಟ್ಟಾದ ಬೀದಿಗಳಲ್ಲಿ ಕಟ್ಟಡವೇ ನೆರಳು ಕೊಡಬಹುದು. ನಮ್ಮಲ್ಲಿ ತಲೆಯ ಮೇಲೆ ಹರಡಿದ ಕೊಡೆಯೊಂದೇ ಗತಿ. ಈ ಕಾರಣದಿಂದ ಕಂಬದಂತೆ ನೆಟ್ಟಗೆ ಬೆಳೆಯುವ ಅಶೋಕವನ್ನೂ ರಾಜತಾಳೆಯನ್ನೂ ಕಚೇರಿಗಳ ಮುಂದೆ ಸಾಲಾಗಿ ನೆಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅವು ಪೊಲೀಸು ಪಹರೆಯಂತೆ ನಿಂತಿರುತ್ತವೆ, ಯಾರಿಗೂ ನೆರಳು ಕೊಡುವುದಿಲ್ಲ.

ಮರದ ಆಯ್ಕೆಯೆಂಬುದು ಹೀಗೆ ಸಣ್ಣ ವಿಷಯವಲ್ಲ. ಕೋಲಾರ ಜಿಲ್ಲೆಗೆ ನೀಲಗಿರಿ ಕಲಿಸಿದ ಪಾಠವೇ ಸಾಕು. ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲಕ್ಕೆ ಅಲಂಕಾರಕ್ಕೆಂದು ಬಂದಿತೆಂದು ಹೇಳುವ ಈ ಮರ, ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹೊಲಗಳಿಗೆ ಇಳಿಯಿತು. ನೀರನ್ನು ಹೀರಿತೆಂದು ಎಲ್ಲರೂ ಬೈಯುತ್ತಾರೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆದರೆ ಅದರ ಇನ್ನೊಂದು ಗುಣವನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಬೆಳೆದ ನೀಲಗಿರಿಯ ಎಲೆ ಅಂಗೈಯಂತೆ ಅಡ್ಡವಾಗಿರದೆ ಕತ್ತಿಯಂತೆ ಕೆಳಮುಖವಾಗಿ ಜೋತುಬೀಳುತ್ತದೆ. ಮಧ್ಯಾಹ್ನದ ಬಿಸಿಲು ಅದರ ಅಂಚನ್ನು ಮಾತ್ರ ಮುಟ್ಟಿ ನೇರ ನೆಲಕ್ಕೆ ಬೀಳುತ್ತದೆ. ತನ್ನ ಮೈಯನ್ನು ಕಾಪಾಡಿಕೊಳ್ಳಲು ಅದು ಕಂಡುಕೊಂಡ ಜಾಣತನ ಅದು. ನೀರನ್ನು ಕೊಟ್ಟವನಿಗೆ ನೆರಳೂ ಸಿಕ್ಕಲಿಲ್ಲ.

ಗುಲ್‌ಮೊಹರ್ ನೋಡಲು ಚೆಲುವು. ಆದರೆ ಬಿಸಿಲೇರುವ ದಿನಗಳಲ್ಲಿ ಅನೇಕ ವೇಳೆ ಎಲೆಗಳಿಲ್ಲದೆ ನಿಂತಿರುತ್ತದೆ, ಗಾಳಿಗೆ ಕೊಂಬೆ ಮುರಿಯುತ್ತದೆ. ಮಳೆಮರದ ಚಪ್ಪರ ವಿಶಾಲವಾದದ್ದು. ಅದರಲ್ಲಿ ಒಂದು ಸೊಗಸಿದೆ: ಸಂಜೆಯಾಗುತ್ತಲೇ ಎಲೆಗಳನ್ನು ಮಡಿಸುತ್ತದೆ, ಹಗಲು ನೆಲ ಹೀರಿದ ಕಾವು ರಾತ್ರಿ ಆಕಾಶಕ್ಕೆ ಹೋಗಲು ದಾರಿಯಾಗುತ್ತದೆ. ಆದರೆ ಅದಕ್ಕೆ ಮೈದಾನ ಬೇಕು, ಇಕ್ಕಟ್ಟಾದ ಬೀದಿಗೆ ಆಗದು. ಹುಣಸೆ ಬೇಸಗೆಯಲ್ಲೂ ಹಸುರಾಗಿರುತ್ತದೆ, ಬೆಳೆಯುವುದು ನಿಧಾನ. ಬೇವು ಕಡಮೆ ನೀರಿನಲ್ಲಿ ಬದುಕುತ್ತದೆ. ನನ್ನ ಮತ ಮಾತ್ರ ಹೊಂಗೆಗೆ. ಮಾಘ ಫಾಲ್ಗುಣದಲ್ಲಿ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸ ತಳಿರು ತೊಟ್ಟು, ಏಪ್ರಿಲ್ ಬಿಸಿಲಿಗೆ ಸರಿಯಾಗಿ ದಟ್ಟವಾಗಿ ನಿಲ್ಲುತ್ತದೆ. ದನ ಮೇಕೆಗಳು ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಮ್ಮ ಹಿರಿಯರು ಇದನ್ನೆಲ್ಲ ಬಲ್ಲವರು. ಈ ಸೀಮೆಯ ಹಳ್ಳಿಗಳಿಗೆಲ್ಲ ಗುಂಡುತೋಪು ಎಂಬ ಸಾರ್ವಜನಿಕ ತೋಪುಗಳಿದ್ದವು. ಮಾವು, ನೇರಳೆ, ಹುಣಸೆ, ಹೊಂಗೆ ಅಲ್ಲಿರುತ್ತಿದ್ದವು. ದಾರಿಹೋಕರಿಗೆ, ದನಗಳಿಗೆ, ಸಂತೆಗೆ ಹೊರಟ ಗಾಡಿಗಳಿಗೆ ಅದೇ ತಂಗುದಾಣ. ಎಷ್ಟೋ ತೋಪುಗಳು ಈಗ ಕಂದಾಯದ ದಾಖಲೆಯಲ್ಲಿ ಮಾತ್ರ ಇವೆ.

ಪಟ್ಟಣದ ಮಟ್ಟಿಗೆ ಇದನ್ನು ಯೋಜನೆಯಾಗಿ ಮಾಡಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಿಗೆ ಒಂದಾದ ಮೇಲೊಂದು ಹೂ ಬಿಡುವ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಂ ನೇಗಿನಹಾಳ ಅವರು ಆ ನಗರದಲ್ಲಿ 15 ಲಕ್ಷ ಸಸಿಗಳನ್ನು ನೆಡಿಸಿದರು. ಹೊರದೇಶಗಳಲ್ಲಿ, ಕೊಲಂಬಿಯಾದ ಮೆಡೆಲಿನ್ ನಗರದವರು 2016ರಿಂದ ರಸ್ತೆ, ಕಾಲುವೆಗಳ ಬದಿಯಲ್ಲಿ 30 ಹಸುರು ಸಾಲುಗಳನ್ನು ಬೆಳೆಸಿ ಉಷ್ಣತೆಯನ್ನು 2 ಡಿಗ್ರಿಯಷ್ಟು ತಗ್ಗಿಸಿದ್ದಾಗಿ ಹೇಳುತ್ತಾರೆ. ಅಲ್ಲಿ ಮಳೆ ಹೇರಳ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗೆ ಹೋಗಿವೆ. ನೀರು ಸಿಗದ ಮರ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ; ನೆರಳು ಉಳಿಯುತ್ತದೆ, ಬೆವರು ನಿಲ್ಲುತ್ತದೆ. ಕುಡಿಯುವ ನೀರನ್ನು ಗಿಡಗಳಿಗೆ ಹಾಕಿರೆಂದು ಕೋಲಾರದಲ್ಲಿ ಹೇಳುವ ಧೈರ್ಯ ನನಗಿಲ್ಲ. ಆದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೇ ತರುತ್ತಿರುವಾಗ, ನಮ್ಮ ನಮ್ಮ ಬೀದಿಯ ಬಟ್ಟೆ ಒಗೆದ ನೀರು, ಛಾವಣಿಯ ಮಳೆನೀರು ಚರಂಡಿಗೆ ಹೋಗುವ ಮುನ್ನ ಒಂದು ಮರದ ಪಾತಿಯನ್ನು ಹಾಯ್ದು ಹೋಗಬಾರದೇಕೆ?

ಇದ್ದ ಮರಗಳನ್ನು ಕಾಯುವುದು ಹೊಸದನ್ನು ನೆಡುವುದಕ್ಕಿಂತ ಅಗ್ಗ. ಪಟ್ಟಣದ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು 1976ರ ಕಾಯಿದೆ ಹೇಳುತ್ತದೆ. ಅದು ಕೊಡಲಿ ಹಿಡಿದವರಿಗೂ ನೋಡುತ್ತ ನಿಂತವರಿಗೂ ತಿಳಿದಿರುವುದಿಲ್ಲ. ಕೊಡಲಿಯಿಲ್ಲದೆಯೂ ಮರ ಕೊಲ್ಲುವ ವಿಧಾನವಿದೆ: ರಸ್ತೆ ಮಾಡುವವರು ಬೊಡ್ಡೆಗೆ ತಾಗುವಂತೆ ಕಾಂಕ್ರೀಟು ಸುರಿಯುವುದು. ಬೇರಿಗೆ ನೀರೂ ಗಾಳಿಯೂ ಹೋಗದು. ಬುಡದ ಸುತ್ತ ಮೂರಡಿ ಮಣ್ಣನ್ನು ಬಿಟ್ಟರೆ ರಸ್ತೆಗೆ ಯಾವ ನಷ್ಟವೂ ಇಲ್ಲ.

ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ಈಗ ನೆಟ್ಟ ಹೊಂಗೆ ಒಬ್ಬರು ಕೂರುವಷ್ಟು ನೆರಳು ಕೊಡಲು ಐದಾರು ವರ್ಷ, ಬೀದಿಗಾಗುವಷ್ಟು ಬೆಳೆಯಲು ಹತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನ ಬದಲು ತೆಂಗಿನ ಗರಿಯ ಚಪ್ಪರ ವಾಸಿ, ಅದು ತಗಡಿನಂತೆಯೂ ಹಾಳೆಯಂತೆಯೂ ಕಾಯುವುದಿಲ್ಲ. ಇಷ್ಟನ್ನು ನಾನು ಅವರಿಗೆ ಹೇಳಿದ್ದೇನೆ, ಅವರು ಕಟ್ಟಿಸಿಯೂ ಇದ್ದಾರೆ. ಹಾಗೆಯೇ ಆಲ, ಅರಳಿ, ಅತ್ತಿಗಳನ್ನು ಸಸಿಯಿಂದಲೇ ಬೆಳೆಸಬೇಕಾಗಿಲ್ಲ. ಆಳೆತ್ತರದ ಗಟ್ಟಿ ಕೊಂಬೆಯನ್ನು ಮಳೆಗಾಲದಲ್ಲಿ ನೆಟ್ಟರೆ ಚಿಗುರುತ್ತದೆ, ಮೇಕೆಯ ಬಾಯಿಗೂ ಎಟಕುವುದಿಲ್ಲ. ವಿಶಾಲವಾದ ಜಾಗವಿದ್ದಲ್ಲಿ ನಾಲ್ಕೈದು ವರ್ಷ ಉಳಿತಾಯ.

ನಮ್ಮ ಕಾಲೇಜಿನ ವಿಷಯದಲ್ಲಿ ಒಂದು ಮಾತು ಹೇಳಿ ಮುಗಿಸುತ್ತೇನೆ. 1950ರಲ್ಲಿ ಮುನ್ಷಿಯವರು ಆರಂಭಿಸಿದ ವನಮಹೋತ್ಸವವನ್ನು ಜುಲೈನಲ್ಲಿ ಆಚರಿಸುತ್ತೇವೆ, ಭಾವಚಿತ್ರ ತೆಗೆಸಿಕೊಳ್ಳುತ್ತೇವೆ. ಮಳೆ ನಮ್ಮಲ್ಲಿ ಹೆಚ್ಚಾಗಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಬೀಳುವುದರಿಂದ ಸಸಿ ಬದುಕುತ್ತದೆ, ಎಲ್ಲರೂ ಸಂತೋಷಪಡುತ್ತೇವೆ. ಸಸಿ ಸಾಯುವುದು ಏಪ್ರಿಲ್ ಮೇ ತಿಂಗಳಲ್ಲಿ, ನಾವು ರಜೆಗೆ ಮನೆಗೆ ಹೋದಾಗ. ಮೂರು ಬೇಸಗೆ ದಾಟಿಸಿದರೆ ಬೇರು ತನ್ನ ದಾರಿಯನ್ನು ತಾನು ನೋಡಿಕೊಳ್ಳುತ್ತದೆ. ಆದಕಾರಣ ನೂರು ಸಸಿ ಬೇಡ; ಬಸ್ಸು ನಿಲ್ಲುವ ಗೇಟಿನ ಹೊರಗೆ ನಾಲ್ಕು, ಮೈದಾನದ ಪಶ್ಚಿಮಕ್ಕೆ ಎಂಟು, ಒಟ್ಟು ಹನ್ನೆರಡು ಹೊಂಗೆ ಸಾಕು. ಪ್ರತಿಯೊಂದರ ಪಕ್ಕದಲ್ಲಿ ಸುಟ್ಟ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ಮುಚ್ಚಳವಿಟ್ಟರೆ, ತುಂಬಿದ ನೀರು ಮೆಲ್ಲಗೆ ಬೇರಿಗೆ ಜಿನುಗುತ್ತದೆ, ಬಿಸಿಲಿಗೆ ವ್ಯರ್ಥವಾಗುವುದಿಲ್ಲ. ಬಂಗಾರಪೇಟೆಯಲ್ಲಿಯೇ ಮನೆಯಿರುವ ಆರು ಜನ ಮಿತ್ರರು ರಜೆಯಲ್ಲಿ ಈ ಕೆಲಸಕ್ಕೆ ಒಪ್ಪಿದ್ದಾರೆ. ತಲೆಗೆ ಎರಡು ಗಿಡ, ವಾರಕ್ಕೆ ಎರಡು ಸಲ, ಗಿಡವೊಂದಕ್ಕೆ ಒಂದು ಬಿಂದಿಗೆ. ಗುಣಿಗಳನ್ನು ಮೇ ತಿಂಗಳಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಹಾರೆ, ಗುದ್ದಲಿಗಳು ಬೇಕಾಗಿವೆ.